ಶೇಂಗಾ ಬಿಟ್ಟು ನಡೆದ ಜಾಗ

"ಅಲ್ಲಿ ನಿಂದರಬ್ಯಾಡ್ರಿ. ಆ ಜಾಗಾ ಖಾಲಿ ಇಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಶುಭದಾಗೆ ತಾನು ಏನು ಅಂದೆನೆಂದು ತಿಳಿದದ್ದು. ಹಿಂದಿನಿಂದ ಬಂದ ಟಂಟಂ ಆಟೋಗೆ ದಾರಿ ಬಿಡಲು ಆ ಮನುಷ್ಯ ಪಕ್ಕಕ್ಕೆ ಸರಿದಿದ್ದ. ಸರಿದವನು ಅವಳಿಗೂ ನಾಯಿಮರಿಗೂ ನಡುವೆ ಬಂದು ನಿಂತಿದ್ದ. ಈಗ ಗಾಬರಿಯಿಂದ ತನ್ನ ಕಾಲ ಕೆಳಗೆ ನೋಡಿಕೊಳ್ಳುತ್ತಿದ್ದ. ಅಲ್ಲಿ ಮಣ್ಣಿತ್ತು, ಉದುರಿದ ಬೇವಿನೆಲೆಗಳಿದ್ದವು.

"ಯಾರ ಅದಾರ್ರಿ ಇಲ್ಲೆ?"

ಅವಳು ಹಗ್ಗ ಜಗ್ಗಿದಳು. ಮರಿ ನಡೆಯಿತು. ಅವಳ ಬಲಕ್ಕೆ, ಒಬ್ಬ ಆಳು ಹಿಡಿಯುವಷ್ಟು ಅಂತರ ಬಿಟ್ಟು, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ.

"ನೀವು ಫೋನಿನಾಗ ಮಾತಾಡಾಕತ್ತೀರಿ ಅಂತ ತಿಳಕೊಂಡಿದ್ದೆ," ಹಿಂದಿನಿಂದ ಅವನ ದನಿ ಬಂತು. ಅವನ ಹೆಜ್ಜೆ ಹಿಂದೆ ಉಳಿಯಿತು. ಅವಳ ಕಿವಿಯಲ್ಲಿ ಏನೂ ಇಲ್ಲದ್ದು ಅವನಿಗೂ ಕಂಡಿರಬೇಕು.

ಬಾಗಲಕೋಟೆಯ ಹಳೇ ಊರಿನಲ್ಲಿ ಸಂಜೆ ಬೇಗ ಆಗುತ್ತದೆ. ಅರ್ಧ ಊರು ಎದ್ದು ನವನಗರಕ್ಕೆ ಹೋಗಿದೆ. ಉಳಿದ ಅರ್ಧದ ಓಣಿಗಳು ನೇರ ನಡೆದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಗಿಯುತ್ತವೆ. ಕೆಲವು ಕಡೆ ಮೆಟ್ಟಿಲುಗಳಿವೆ, ಅವು ಹತ್ತಿ ಹೋಗುತ್ತಿದ್ದ ಮನೆಗಳಿಲ್ಲ.

ಶುಭದಾ ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಶಿರೀಷನ ಹೆಂಡತಿಯಾಗಿ ಈ ಊರಿಗೆ ಬಂದವಳು. ಹೋದ ವರ್ಷ ಬೇಸಿಗೆಯಲ್ಲಿ ಶಿರೀಷ ಹುನಗುಂದದಿಂದ ಬೈಕಿನ ಮೇಲೆ ಬರುವಾಗ ಅಮೀನಗಡದ ಈಚೆ ಲಾರಿಗೆ ಸಿಕ್ಕ. ಅವನು ಕೊಂಡಿದ್ದ ಕರದಂಟಿನ ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಯಾರೋ ಅದನ್ನು ತಂದು ಅವಳ ಕೈಗೆ ಕೊಟ್ಟರು. ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಕಾಲೇಜಿಗೆ ಹೋದಳು, ಬಂದಳು, ಅತ್ತೆ ಬಡಿಸಿದ್ದನ್ನು ಉಂಡಳು. ಬೇಕಾದಷ್ಟೇ ಮಾತಾಡಿದಳು. ಬರಬರುತ್ತ ಅಷ್ಟೂ ಬೇಕಾಗಲಿಲ್ಲ.

ಈ ಚಳಿಗಾಲದಲ್ಲಿ ಮುಧೋಳದ ಕಡೆಯ ಕಾಶಪ್ಪ ಎಂಬಾತ ಬಾಗಿಲಿಗೆ ಬಂದ. ಬಗಲಲ್ಲಿ ಕೈಚೀಲ, ಚೀಲದಿಂದ ಹೊರಗೆ ನಾಯಿಮರಿಯ ಉದ್ದನೆಯ ಮೂತಿ. "ಶಿರೀಷ ಸರ ಹೇಳಿದ್ರರಿ, ಮುಂದಿನ ಸೂಲಿನಾಗ ಒಂದು ಮರಿ ನಮಗ ಇಡು ಅಂತ. ಎಲ್ಲೆದಾರ್ರಿ ಸರ?"

ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದ ಮೇಲೆ ಅವನು ಚೀಲ ಎತ್ತಿಕೊಂಡು ಹೊರಡಲು ನಿಂತ. ತಡೆದವರು ಅತ್ತೆ ಜಾನಕಿಬಾಯಿ. ಮಡಿಸೀರೆಯ ಸೆರಗು ಒತ್ತಿ ಹಿಡಿದು ದೂರದಿಂದಲೇ ಬಗ್ಗಿ ನೋಡಿ, "ಹುರದ ಶೇಂಗಾ ಇದ್ದಂಗ ಅದ," ಎಂದರು. "ಅವ ಹೇಳಿದ್ದು. ಇರಲಿ ಬಿಡು."

ಹೆಸರೂ ಅದೇ ಆಯಿತು.

ಮೊದಲ ಸಂಜೆಗಳಲ್ಲಿ ಶೇಂಗಾ ಎಲ್ಲ ಮರಿಗಳಂತೆ ಎಳೆದಾಡಿತು, ಹಗ್ಗ ಕಚ್ಚಿತು, ನಡುರಸ್ತೆಯಲ್ಲಿ ಮಲಗಿತು. ಬರಬರುತ್ತ ಎಳೆಯುವುದನ್ನು ಬಿಟ್ಟಿತು. ಬಿಡಿಸಿದ್ದು ಶುಭದಾ ಅಲ್ಲ, ಅವಳಿಗೆ ಅದು ಬರುತ್ತಲೇ ಇರಲಿಲ್ಲ. ಅದು ತಾನಾಗಿ ಹಗ್ಗದ ತುದಿಗೆ ಸರಿದು, ಅಂತರ ಬಿಟ್ಟು ನಡೆಯತೊಡಗಿತು. ಹತ್ತಿರಕ್ಕೆ ಎಳೆದುಕೊಂಡರೆ, ಯಾರದೋ ಕಾಲು ತುಳಿದವರಂತೆ ಮುದುಡಿ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಹನುಮಪ್ಪನ ಗುಡಿಯ ಗೋಡೆಗೂ ಲೈಟಿನ ಕಂಬಕ್ಕೂ ನಡುವೆ ಒಬ್ಬರೇ ದಾಟುವಷ್ಟು ಸಂದಿ. ಅಲ್ಲಿ ಶೇಂಗಾ ಅವಳನ್ನು ಮುಂದೆ ಬಿಡುತ್ತಿತ್ತು. ಅವಳು ದಾಟಿದ ಮೇಲೂ ತಕ್ಷಣ ಬರುತ್ತಿರಲಿಲ್ಲ. ಇನ್ನೊಬ್ಬರು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಲೆಯೆತ್ತಿ ಕಾದು ಬರುತ್ತಿತ್ತು.

ಶಿರೀಷ ಯಾವಾಗಲೂ ಅವಳ ಬಲಕ್ಕೆ ನಡೆಯುತ್ತಿದ್ದ. ಗಾಡಿಗಳು ಬರುವ ಕಡೆ.

ಒಂದು ಸಂಜೆ ಅವಳು ಆ ಖಾಲಿ ಜಾಗಕ್ಕೆ, "ಇವತ್ತ ಕಾಲೇಜಿನಾಗ ಕರೆಂಟ್ ಇರಲಿಲ್ಲ," ಅಂದಳು. ಶೇಂಗಾ ಕಿವಿ ನಿಗುರಿಸಿ, ಅವಳನ್ನು ಬಿಟ್ಟು, ಆ ಜಾಗವನ್ನೇ ನೋಡಿತು. ಅವಳಿಗೆ ಹೆದರಿಕೆ ಆಗಲಿಲ್ಲ. ಶಿರೀಷ ಹೋದಾಗಿನಿಂದ ನಿಂತಿದ್ದ ಮಾತು ಬಂತು, ಮರುದಿನವೂ ಬಂತು.

---

ಟಂಟಂಗೆ ದಾರಿ ಬಿಟ್ಟಿದ್ದ ಆ ಮನುಷ್ಯ ಮರುಸಂಜೆ ಮತ್ತೆ ಸಿಕ್ಕ. ಈ ಸಲ ರಸ್ತೆಯ ಎಡ ಅಂಚಿನಲ್ಲಿ ನಿಂತಿದ್ದ.

"ಈ ಬಾಜೂ ಖಾಲಿ ಐತೇನ್ರಿ?"

"ರಸ್ತೆ ಎಲ್ಲಾರದು."

"ಹಂಗಂದ್ರ ನಡೀತೇನಿ," ಅಂದು ನಡೆದ. ಅವನ ಹೆಸರು ಹಣಮೇಶ. ಇಳಕಲ್ಲಿನ ನೇಕಾರರ ಮನೆಯವನು. ಹಳೇ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ. ಅವನ ಅಂಗಿಯಿಂದ ಹೊಸ ಸೀರೆಯ ಗಂಜಿಯ ವಾಸನೆ ಬರುತ್ತಿತ್ತು. ಸಣ್ಣವನಿದ್ದಾಗ ಮನೆಯಲ್ಲಿ ಇಂಥದೇ ನಾಯಿ ಇತ್ತಂತೆ.

"ನಿಮ್ಮ ಮರಿ ಭಾಳ ದೂರ ನಡೀತೈತ್ರಿ. ಅದೂ ಗಾಡಿ ಬರೂ ಕಡೆ. ಮೊಣಕಾಲಿಗೆ ಹತ್ತಿ ನಡೀಬೇಕು. ನಾ ಕಲಸ್ಲೇನು?"

"ನಿಮಗ ಬರ್ತದೇನು?"

"ಸೀಟಿ ಹೊಡದ್ರ ಓಡಿ ಬರ್ತಾವ್ರಿ, ನೋಡ್ರಿ ಬೇಕಾರ."

ಅವನು ಸೀಟಿ ಹೊಡೆದ. ಶೇಂಗಾ ಒಮ್ಮೆ ಆಕಳಿಸಿ, ಹಗ್ಗವನ್ನು ಅವನ ಕಾಲಿಗೆ ಸುತ್ತಿ ಕುಳಿತಿತು. ಬಿಡಿಸಿಕೊಳ್ಳಲು ಹೋಗಿ ಅವನೂ ಕುಳಿತ. ಧೂಳಿನಲ್ಲಿ ಕೂತೇ ತಲೆಯೆತ್ತಿ ಅವಳನ್ನು ನೋಡಿದ, ನಗುತ್ತಾಳೋ ಇಲ್ಲವೋ ಎಂದು ಪರೀಕ್ಷಿಸುವವನ ಹಾಗೆ. ಅವಳು ಮುಖ ತಿರುಗಿಸಿ ನೀರಿನ ಕಡೆ ನೋಡಿದಳು. ತುಟಿಯ ಒಂದು ತುದಿ ಮಾತ್ರ ಅವಳ ಮಾತು ಕೇಳಲಿಲ್ಲ. ಅದನ್ನು ಅವನು ಕಂಡ.

ದಿನಾ ಬರತೊಡಗಿದ. "ಎಳದ್ರ ನಿಂದರ್ರಿ. ಹಗ್ಗಾ ಸಡ್ಲ ಆದ ಮ್ಯಾಲೆ ನಡೀರಿ. ಹತ್ರ ಬಂದಾಗ ತಿನ್ನಾಕ ಕೊಡ್ರಿ," ಎನ್ನುತ್ತಿದ್ದ. ತಿನ್ನಲು ಅವನ ಕಿಸೆಯಲ್ಲಿ ಬೇಯಿಸಿದ ತತ್ತಿಯ ಚೂರುಗಳಿರುತ್ತಿದ್ದವು. ಮನೆಯ ಕಟ್ಟೆಯ ಮೇಲೆ ಕೂತ ಜಾನಕಿಬಾಯಿ ಮೂಗರಳಿಸಿ, "ನಿಮ್ಮ ಕಿಸೇದಾಗ ಏನದ ಅಂತ ನಾ ಕೇಳಂಗಿಲ್ಲ. ನೀವೂ ಹೇಳಬ್ಯಾಡ್ರಿ," ಎಂದರು.

"ಇಲ್ರೀ ಬಾಯಾರ. ಹೇಳಂಗಿಲ್ರಿ."

ಅವನು ಹಗ್ಗ ಹಿಡಿದರೆ ಶೇಂಗಾ ಅವನ ಮೊಣಕಾಲಿಗೆ ಅಂಟಿ ನಡೆಯುತ್ತಿತ್ತು. ಹಗ್ಗ ಶುಭದಾಳ ಕೈಗೆ ಬಂದದ್ದೇ ತಡ, ಮೆಲ್ಲಗೆ ದೂರ ಸರಿದು ಆ ಜಾಗ ಬಿಡುತ್ತಿತ್ತು. ಹಣಮೇಶ ತಲೆ ಕೆರೆದುಕೊಂಡ. ಒಳಗೊಳಗೆ ಶುಭದಾಗೆ ಸಮಾಧಾನವೇ ಆಗುತ್ತಿತ್ತು.

ನಡೆದು ನಡೆದು ಅವರು ಇಳಿಜಾರಿಗೆ ಬರುತ್ತಿದ್ದರು. ಹಳೇ ರಸ್ತೆ ಅಲ್ಲಿ ನೀರಿನೊಳಗೆ ಇಳಿದು ಹೋಗುತ್ತದೆ. ದೂರದಲ್ಲಿ ಒಂದು ಒಣಗಿದ ಮರದ ತಲೆ ನೀರ ಮೇಲೆ ನಿಂತಿದೆ. ಶಿರೀಷ ಅದನ್ನು ತೋರಿಸಿ, ಅದರ ಎಡಕ್ಕೆ ನಮ್ಮ ಹಳೇ ಮನಿ ಪಡಸಾಲಿ ಇತ್ತು, ಎನ್ನುತ್ತಿದ್ದ. ಶೇಂಗಾ ಈ ಇಳಿಜಾರಿಗೆ ಬಂದೊಡನೆ ಯಾರೂ ಹೇಳದೆ ಕೂರುತ್ತಿತ್ತು. ನೀರಿಗೆ ಮುಖ. ಬಾಲ ಮಣ್ಣಿನ ಮೇಲೆ ನಿಧಾನ ಆಡುತ್ತಿತ್ತು, ಗುರುತಿನವರು ದೂರದಿಂದ ಬರುವುದು ಕಂಡಾಗ ಆಡುವ ಹಾಗೆ.

ಬಿಸಿಲು ಏರಿದಂತೆ ನೀರು ಹಿಂದೆ ಸರಿಯುತ್ತಿತ್ತು. ಪ್ರತಿ ವಾರ ರಸ್ತೆ ಇನ್ನಷ್ಟು ಹೊರಬರುತ್ತಿತ್ತು, ಕೆಸರು ಮೆತ್ತಿದ ಒಂದು ಹೊಸ್ತಿಲೂ ಬಂತು. ಶೇಂಗಾ ಪ್ರತಿ ವಾರ ಇನ್ನಷ್ಟು ಕೆಳಗೆ ಹೋಗಿ ಕೂರುತ್ತಿತ್ತು.

"ಏನ ನೋಡ್ತೈತ್ರಿ ಅದು?" ಹಣಮೇಶ ಒಮ್ಮೆ ದನಿ ತಗ್ಗಿಸಿ ಕೇಳಿದ.

"ಮೀನು ಇರಬೇಕು," ಎಂದಳು. ಇಬ್ಬರಿಗೂ ಗೊತ್ತಿತ್ತು, ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ.

---

ಒಂದು ಸಂಜೆ ಅವನು ಕಾಗದದಲ್ಲಿ ಸುತ್ತಿ ಏನೋ ತಂದ. ಬಿಚ್ಚಿದರೆ ಗಿಡ್ಡನೆಯ ಒಂದು ನೇದ ಪಟ್ಟಿ. ಅರ್ಧ ನೀಲಿ ಹತ್ತಿ, ಅರ್ಧ ಕೆಂಪು ರೇಷ್ಮೆ. ತುದಿಗೆ ಮರಿಯ ಕೊರಳಿಗೆ ಸಿಗಿಸುವ ಕೊಕ್ಕೆ.

"ಇಳಕಲ್ಲಿಗೆ ಹೋಗಿದ್ದೆ. ಕುಣಿಮಗ್ಗದಾಗ ಕುಂತು ನಾನ ನೇದೇನಿ. ನಮ್ಮ ಸೀರಿ ಮೈಗೂ ಸೆರಗಿಗೂ ಹಾಸಿನ ಎಳಿ ಬ್ಯಾರೆ ಬ್ಯಾರೆ ಇರ್ತಾವ್ರಿ. ನಡುವ ಎಳಿಗೆ ಎಳಿ ಕೊಂಡಿ ಹಾಕಿ ಸೇರಸ್ತೇವಿ. ಜಗ್ಗಿ ನೋಡ್ರಿ."

ಅವಳು ಒಂದು ತುದಿ ಹಿಡಿದಳು, ಅವನು ಇನ್ನೊಂದು. ಜಗ್ಗಿದರು. ಬಣ್ಣಗಳು ಕೂಡಿದ ಕಡೆ ಒಂದು ಎಳೆಯೂ ಸಡಿಲಲಿಲ್ಲ. ಜಗ್ಗುವುದು ಮುಗಿದ ಮೇಲೂ ಇಬ್ಬರೂ ಹಿಡಿದೇ ನಿಂತಿದ್ದರು. ಅವನ ಕಣ್ಣು ಅವಳ ಬೆರಳ ಮೇಲಿತ್ತು. ಅವಳು ಮೊದಲು ಬಿಟ್ಟಳು.

"ಭಾಳ ಗಿಡ್ಡ ಅದ."

"ಗಿಡ್ಡ ಇರಲಿ ಅಂತನ ನೇದೇನ್ರಿ. ಮರಿ ಹತ್ರ ಇರ್ತೈತಿ."

ಅವಳು ಅದನ್ನು ಮಡಿಸಿ ಪರ್ಸಿನಲ್ಲಿಟ್ಟಳು. ಶೇಂಗಾನ ಕೊರಳಪಟ್ಟಿಯಲ್ಲಿ ಹಳೇ ಉದ್ದ ಹಗ್ಗವೇ ಉಳಿಯಿತು.

ಅದೇ ಸಂಜೆ, ಹಿಂತಿರುಗುವಾಗ, ದೊಡ್ಡ ರಸ್ತೆಯ ತಿರುವಿನಲ್ಲಿ ಉಸುಕಿನ ಟಿಪ್ಪರೊಂದು ದೀಪ ಹಾಕದೆ ಬಂತು. ಹಣಮೇಶ ಹಗ್ಗ ಕಸಿದು ಎಳೆದ. ಶೇಂಗಾ ಉರುಳಿ ಅವರ ಕಾಲಿಗೆ ಬಿತ್ತು. ಅದು ನಡೆಯುತ್ತಿದ್ದ ಜಾಗದ ಮೇಲೆ ಗಾಲಿ ಹರಿದು ಹೋಯಿತು. ಧೂಳು ನಿಧಾನ ಇಳಿಯಿತು.

"ಆ ಪಟ್ಟಿ ಹಾಕ್ರಿ," ಎಂದ, ಹಗ್ಗ ಬಿಡದೆ. "ಈಗ ಹಾಕ್ರಿ."

"ಬ್ಯಾಡ."

"ಯಾಕ್ರಿ?"

"ಅವರು ಎಲ್ಲಿ ನಡೀಬೇಕು ಮತ್ತ?"

ಗಂಡ ಅಲ್ಲಿದ್ದಾನೆಂದು ಇನ್ನೊಬ್ಬರೆದುರು ಬಾಯಿಬಿಟ್ಟದ್ದು ಅದೇ ಮೊದಲು. ಹಣಮೇಶ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಬಲಗಡೆಯ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ, ಅಲ್ಲಿ ನಿಂತವರ ಮುಖ ಹುಡುಕುವಂತೆ.

"ನಾ ಅವರನ್ನ ಹೋಗ್ರಿ ಅನ್ನಾಂವ ಅಲ್ರಿ," ಎಂದ ಕೊನೆಗೆ. "ಆದ್ರ ಮರಿ ಸತ್ರ ಅವರು ಯಾರ ಜೋಡಿ ನಡೀತಾರ?"

ಅವಳು ಶೇಂಗಾನನ್ನು ಎತ್ತಿಕೊಂಡು ಮನೆಗೆ ಬಂದಳು. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಲಕ್ಕೆ ಒಂದು ಖಾಲಿ ಇತ್ತು, ಈಗ ಎಡಕ್ಕೂ ಒಂದು ಆಯಿತು. ಅವಳು ಬಲಕ್ಕೆ ಮಾತಾಡಲು ಹೋದರೆ, ಮಾತು ಎಡಕ್ಕೆ ಹೊರಳುತ್ತಿತ್ತು. ಅದು ಅವಳಿಗೆ ಟಿಪ್ಪರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

---

ಕಾಲೇಜಿನ ಹಿರಿಯರೊಬ್ಬರು ತೀರಿಕೊಂಡರೆಂದು ಒಂದು ಬೆಳಿಗ್ಗೆ ಬೇಗ ರಜೆ ಕೊಟ್ಟರು. ಮುಂಬಾಗಿಲು ಒಳಗಿನಿಂದ ಹಾಕಿತ್ತು. ಶುಭದಾ ಹಿತ್ತಲ ಕಡೆಯ ಓಣಿಗೆ ಬಂದಳು. ಗಿಡ್ಡ ಗೋಡೆಯ ಮೇಲಿಂದ ಹಿತ್ತಲು ಕಾಣುತ್ತಿತ್ತು.

ಶೇಂಗಾ ಅಲ್ಲಿ ನಡೆಯುತ್ತಿತ್ತು. ಒಂದೊಂದೇ ಹೆಜ್ಜೆ, ತಲೆಯೆತ್ತಿ, ಯಾರದೋ ಜೊತೆ ನಡೆಯುವ ನಡಿಗೆ. ಅದರ ಕೊರಳಿನ ಹಗ್ಗ ನೆಲಕ್ಕೆ ಬಿದ್ದಿರಲಿಲ್ಲ. ಗಾಳಿಯಲ್ಲಿ ಬಿಗಿಯಾಗಿ ನಿಂತು, ಬಚ್ಚಲಮನೆಯ ಗೋಡೆಯ ಹಿಂದೆ ಹೋಗಿ ಮರೆಯಾಗಿತ್ತು.

ಬಾವಿಗೂ ತುಳಸಿಕಟ್ಟೆಗೂ ನಡುವಿನ ಸಂದಿಗೆ ಬಂದು ಶೇಂಗಾ ನಿಂತಿತು. ಕಾಯಿತು. ಗೋಡೆಯ ಮರೆಯಿಂದ ಮೊದಲು ಹೊರಬಂದದ್ದು ಶಿರೀಷನ ಕರೀ ಕೊಡೆ. ಮಡಚಿದ ಕೊಡೆ, ನೆಲ ಮುಟ್ಟದೆ, ಅಡ್ಡಡ್ಡ ತೇಲುತ್ತ ಬಂತು.

"ರೀ," ಎಂದಳು ಶುಭದಾ. ವರ್ಷದಿಂದ ಆಡದ ಶಬ್ದ.

ಕೊಡೆಯ ಹಿಂದೆ ಜಾನಕಿಬಾಯಿ ಬಂದರು. ಒದ್ದೆ ಮಡಿಸೀರೆ, ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ. ಕೊಡೆಯ ಹಿಡಿಕೆ ಅವರ ಕೈಯಲ್ಲಿತ್ತು, ತುದಿಗೆ ಹಗ್ಗ ಕಟ್ಟಿತ್ತು. ಸೊಸೆಯನ್ನು ಕಂಡು ಅವರು ಅಲ್ಲೇ ನಿಂತರು. ಕೊಡೆಯೂ ನಿಂತಿತು. ಶೇಂಗಾ ಕೊಡೆಯಷ್ಟು ಅಂತರದಲ್ಲಿ, ಮರ್ಯಾದೆಯಿಂದ ಕುಳಿತಿತು.

"ಇದೇನು ಅತ್ಯಾ?"

"ಏನು ಅಂದ್ರ? ನೀ ಕಾಲೇಜಿಗೆ ಹೋದ್ರ ಇದು ಒಂದ ಸಮ ಅಳತದ. ನಂದು ನೈವೇದ್ಯ ಆಗೂತನಕ ಮಡಿ. ಮುಟ್ಟಿತಂದ್ರ ಮತ್ತ ತಲಿಮ್ಯಾಲೆ ನೀರು. ಅದಕ್ಕ ಕೊಡಿಗೆ ಕಟ್ಟಿ ತಿರಗಸ್ತೀನಿ. ಹತ್ರ ಬಂತಂದ್ರ 'ಹುಶ್' ಅಂತೀನಿ. ಶಾಣ್ಯಾ ಅದ, ನಾಕ ದಿನದಾಗ ಕಲೀತು."

"ಸಂದಿನಾಗ ನಿಂದರತದಲ್ಲ..."

"ಕೊಡಿ ದಾಟಬೇಕಲ್ಲವಾ ಮೊದಲ."

ಶುಭದಾ ಗೋಡೆಯ ಮೇಲೆ ಕೈಯೂರಿದಳು. ಕಲ್ಲು ಕಾದಿತ್ತು. "ನಿಮಗ ಗೊತ್ತಿತ್ತು. ಅಲ್ಲೆ ಯಾರಿದ್ದಾರ ಅಂತ ತಿಳಕೊಂಡು ನಾ ಮಾತಾಡ್ತಿದ್ದೆ ಅಂತ ನಿಮಗ ಗೊತ್ತಿತ್ತು."

ಜಾನಕಿಬಾಯಿ ಕೊಡೆಯನ್ನು ಮೆಲ್ಲಗೆ ಕಟ್ಟೆಗೆ ಒರಗಿಸಿದರು. "ಓಣಿ ತುದೀಂದ ನಿನ್ನ ದನಿ ಕೇಳ್ತಿತ್ತು ಶುಭಾ. ತಿಂಗಳಗಟ್ಟಲೆ ನಾ ಗೋಡಿ ಜೋಡಿ ಊಟಾ ಮಾಡೀನಿ. ಖರೆ ಹೇಳಿದ್ರ ನೀ ಮತ್ತ ಬಾಯಿ ಮುಚ್ಚತಿದ್ದಿ." ಒದ್ದೆ ಸೆರಗು ಹಿಂಡುತ್ತ ಅಂದರು: "ಅವ ಬಂದಿದ್ರ ನಡೀಲಿಕ್ಕೆ ಬರತಿರಲಿಲ್ಲ. ಮೊದಲ ನನ್ನ ಅಡಗಿಮನಿಗೆ ಬರತಿದ್ದ, ಹಸವು ಅಂತ."

ಅವರ ಮುಖದಲ್ಲಿ ಏನೂ ಅಲುಗಲಿಲ್ಲ. ಶುಭದಾ ಗೋಡೆಯ ಈಚೆ ನಿಂತಳು. ದಾಟಿ ಹೋಗಿ ಹಿಡಿದುಕೊಂಡರೆ ಮಡಿ ಕೆಡುತ್ತದೆ. ಅವಳು ದಾಟಿ ಹೋದಳು. ಜಾನಕಿಬಾಯಿ 'ಹುಶ್' ಅನ್ನಲಿಲ್ಲ.

ಬಹಳ ಹೊತ್ತಿನ ಮೇಲೆ ಶುಭದಾಗೆ ನೆನಪಾಯಿತು. "ಅತ್ಯಾ, ನೀರಿನ ಇಳಿಜಾರಿಗೂ ಕರಕೊಂಡು ಹೋಗಿದ್ರೇನು ಇದನ್ನ?"

"ನನ್ನ ಮೊಣಕಾಲಿಗೆ ಹಿತ್ತಲಾ ಮುಗಿಯೂದ ಸಾಕಾಗ್ತದ. ಯಾಕ?"

"ಏನಿಲ್ಲ."

"ಆ ಸೀರಿ ಅಂಗಡ್ಯಾಂವ ಯಾಕ ಬರವಲ್ಲ?" ಜಾನಕಿಬಾಯಿ ಮತ್ತೆ ನೀರು ಸೇದಲು ಬಾವಿಯ ಕಡೆ ತಿರುಗಿದರು. "ಮನಶ್ಯಾ ಛಲೋ ಇದ್ದ. ಕಿಸೇದ ವಾಸನಿ ಒಂದು ಬಿಟ್ರ."

---

ಅಂಗಡಿಯಲ್ಲಿ ಹಣಮೇಶ ಸೀರೆ ಮಡಿಸುತ್ತಿದ್ದ. ಅವಳನ್ನೂ ಶೇಂಗಾನನ್ನೂ ಮೆಟ್ಟಿಲ ಮೇಲೆ ಕಂಡು ಎದ್ದು ನಿಂತ.

"ಸೀರಿ ತೋರಸ್ಲೇನ್ರಿ?"

"ಬ್ಯಾಡ. ನಡೀಲಿಕ್ಕೆ ಬರ್ರಿ."

ದಾರಿಯಲ್ಲಿ ಅವಳು ಕೊಡೆಯ ಕತೆ ಹೇಳಿದಳು. ಅವನು ನಕ್ಕ. ನಗು ತಡೆಯಲಾಗದೆ ಗುಡಿಯ ಕಟ್ಟೆಗೆ ಒರಗಿದ. ಅವಳೂ ನಕ್ಕಳು. ಯಾವಾಗ ಆ ನಗು ಅಳುವಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ನಗು ನಿಲ್ಲಿಸಿ, ಬೇರೆ ಕಡೆ ನೋಡುತ್ತ, ಪಕ್ಕದಲ್ಲೇ ನಿಂತ. ಕರವಸ್ತ್ರ ಕೊಡಲು ಕಿಸೆಗೆ ಕೈಹಾಕಿ, ಅದರಲ್ಲಿ ತತ್ತಿಯ ಚೂರು ಅಂಟಿದ್ದು ಕಂಡು, ಮತ್ತೆ ಒಳಗಿಟ್ಟ.

"ನಾ ಒಂದು ಹೇಳ್ಲೇನ್ರಿ?" ಎಂದ ಆಮೇಲೆ. "ನಾ ನಾಯಿ ಕಲಸಾಕ ಬರ್ತಿರಲಿಲ್ಲ. ನಿಮ್ಮ ದನಿ ಕೇಳಾಕ ಬರ್ತಿದ್ದೆ. ಆ ದನಿ ನನಗ ಅಲ್ಲ ಅಂತ ಗೊತ್ತಿತ್ತು. ಆದ್ರೂ ಬಾಜೂಕ ನಡದ್ರ ನನಗೂ ಒಂದಿಷ್ಟು ಬೀಳ್ತಿತ್ತು."

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. ಇಬ್ಬರೂ ಇಳಿಜಾರಿಗೆ ಬಂದರು.

ನೀರು ಇನ್ನೂ ಹಿಂದೆ ಹೋಗಿತ್ತು. ಬಿಸಿಲಿಗೆ ಕೆಸರು ಬಿರಿದು, ಆ ಹೊಸ್ತಿಲು ಒಣಗಿ ಬೆಳ್ಳಗೆ ಕಾಣುತ್ತಿತ್ತು. ಶೇಂಗಾ ಅದರ ಮುಂದೆ ಹೋಗಿ ಕುಳಿತಿತು. ಬಾಲ ಆಡತೊಡಗಿತು.

"ಬಾಯಾರು ಇಲ್ಲಿಗೂ..."

"ಇಲ್ಲ," ಎಂದಳು. "ಇಲ್ಲಿಗೆ ಯಾರೂ ಕರಕೊಂಡು ಬಂದಿಲ್ಲ."

ಗಾಳಿ ಇರಲಿಲ್ಲ. ಶೇಂಗಾನ ತಲೆ ನಿಧಾನವಾಗಿ ತಿರುಗಿತು. ಅದರ ಕಣ್ಣು ನೀರಿನ ಅಂಚಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ರಸ್ತೆಗೆ ಬಂತು, ನಡೆದು ಬರುವವರ ಹಿಂದೆ ಬರುವ ಹಾಗೆ. ಆ ನೋಟ ಇಳಿಜಾರು ಹತ್ತಿ ಬಂದು, ಶುಭದಾಳ ಬಲಕ್ಕೆ ನಿಂತಿತು. ಅಲ್ಲಿ ಕಾಲಿಡಲಿದ್ದ ಹಣಮೇಶ ಹಿಂದೆ ಸರಿದ.

ಅವಳು ಪರ್ಸಿನಿಂದ ಗಿಡ್ಡ ಪಟ್ಟಿಯನ್ನು ತೆಗೆದಳು. ತನ್ನ ಬಲಕ್ಕೆ ತಿರುಗಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು: "ಇನ್ನ ಇದನ್ನ ಹತ್ರ ಇಟಗೋತೀನಿ. ಈ ರಸ್ತೆದಾಗ ಗಾಡಿ ಭಾಳ ಆಗ್ಯಾವ. ನಿಮಗ ಗೊತ್ತದಲ್ಲ."

ಶೇಂಗಾನ ಬಳಿಗೆ ಹೋಗಿ ಹಳೇ ಹಗ್ಗ ಬಿಚ್ಚಿದಳು. ಕೊಕ್ಕೆ ಹಾಕಿದಳು. ಶೇಂಗಾ ಆ ಜಾಗವನ್ನು ನೋಡಿತು, ಅವಳನ್ನು ನೋಡಿತು. ಅವಳು ಜಗ್ಗಲಿಲ್ಲ, ಕಾದಳು. ಅದು ಎದ್ದು, ಮೈ ಕೊಡವಿ, ಬಂದು ಅವಳ ಮೊಣಕಾಲಿಗೆ ಒರಗಿತು. ಅದರ ಮೈ ಬೆಚ್ಚಗಿತ್ತು.

ಹಣಮೇಶ ಇನ್ನೂ ಹಿಂದೆಯೇ ನಿಂತಿದ್ದ. "ಎಡಕ್ಕ," ಎಂದ, ಒಂದು ಹೆಜ್ಜೆ ಮುಂದೆ ಬಂದು, "ಎಡಕ್ಕ ಖಾಲಿ ಐತೇನ್ರಿ?"

ಅವಳು ಅವನನ್ನು ನೋಡಿದಳು. ಈ ಸಲ ಮುಖ ತಿರುಗಿಸಲಿಲ್ಲ.

"ಐತಿ," ಎಂದಳು, ಅವನ ಮಾತಿನಲ್ಲೇ.

ಮೂವರೂ ಮನೆಯ ಕಡೆ ನಡೆದರು. ದೊಡ್ಡ ರಸ್ತೆಯಲ್ಲಿ ಗಾಡಿಗಳು ಬಂದವು, ಹೋದವು. ಶೇಂಗಾ ಅವಳ ಕಾಲು ಬಿಟ್ಟು ಸರಿಯಲಿಲ್ಲ. ಪಟ್ಟಿ ಸಡಿಲವಾಗಿ ತೂಗುತ್ತಿತ್ತು, ನೀಲಿ ಅವಳ ಕೈಯ ಕಡೆ, ಕೆಂಪು ಅದರ ಕೊರಳ ಕಡೆ.

ಹನುಮಪ್ಪನ ಗುಡಿಯ ಸಂದಿಯಲ್ಲಿ ಶೇಂಗಾ ಈ ಸಲ ಕಾಯಲಿಲ್ಲ, ಅವಳ ಜೊತೆಗೇ ನುಸುಳಿ ದಾಟಿತು. ದಾಟಿ ಹಿಂತಿರುಗಿ ನೋಡಿದರೆ, ಹಣಮೇಶ ಆಚೆಯೇ ನಿಂತಿದ್ದ. ಕಂಬಕ್ಕೆ ಬೆನ್ನು ಹಚ್ಚಿ, ಹಾದಿ ಬಿಟ್ಟು, ಹಿರಿಯರು ಮುಂದೆ ಹೋಗಲಿ ಎಂದು ನಿಲ್ಲುವವನ ಹಾಗೆ ತುಸು ತಲೆ ಬಗ್ಗಿಸಿದ್ದ. ಸಂದಿಯಲ್ಲಿ ಯಾರೂ ಇರಲಿಲ್ಲ. ಶೇಂಗಾನ ಬಾಲ ಒಮ್ಮೆ ಆಡಿತು.

ಆಮೇಲೆ ಅವನು ತಲೆಯೆತ್ತಿದ. ಶುಭದಾ ಈಚೆಯಿಂದ ಎಡಗೈ ಚಾಚಿದ್ದಳು.